ಹದ ನೋಡಿ ಉಪ್ಪು: ಜಲವರ್ಣದ ಗೀಚಾಟ ಮತ್ತು ಮಿಶ್ರ ಮಾಧ್ಯಮದ ಪ್ರಯೋಗಗಳು

ಭಾನುವಾರ ಬೆಳಿಗ್ಗೆ ನಮ್ಮ ಹವ್ಯಾಸಿ ಗುಂಪು ಸೇರಿದಾಗ ಮೊದಲ ಕೆಲಸ ಹಾಳೆ ಕತ್ತರಿಸುವುದು. 22×30 ಇಂಚಿನ ಪೂರ್ತಿ ಶೀಟನ್ನು ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು ಭಾಗ ಮಾಡಿದರೆ 5.5×7.5 ಇಂಚಿನ 16 ತುಂಡು ಸಿಗುತ್ತವೆ. ಆಟಕ್ಕೆ ಇದೇ ಸರಿಯಾದ ಅಳತೆ. ತುಂಡು ಹಾಳಾದರೆ ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಷ್ಟು ಸಣ್ಣ ಹಾಳೆಯಲ್ಲಿ ತೇವ ಈ ಮೂಲೆಯಿಂದ ಆ ಮೂಲೆಯವರೆಗೆ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ದೊಡ್ಡ ಹಾಳೆಯಲ್ಲಿ ಮೇಲ್ಭಾಗ ಒಣಗುತ್ತಿರುವಾಗ ಕೆಳಗೆ ಇನ್ನೂ ನೀರು ನಿಂತಿರುತ್ತದೆ. ಒದ್ದೆ ಬಣ್ಣದಲ್ಲಿ ಬಿಳುಪು ನಕ್ಷತ್ರ ಮೂಡಲೆಂದು ಉಪ್ಪು ಉದುರಿಸಿದರೆ ಒಂದು ಕಡೆ ಅರಳುತ್ತದೆ, ಇನ್ನೊಂದು ಕಡೆ ಕರಗಿ ಹೋಗುತ್ತದೆ. ಗೀಚಾಟ ಅಂದರೆ ಮನಸ್ಸಿಗೆ ಬಂದಂತೆ ಮಾಡುವುದು ಎಂದು ಹೊಸಬರು ತಿಳಿದಿರುತ್ತಾರೆ. ಕೈ ಮನಸ್ಸಿಗೆ ಬಂದಂತೆ ಓಡಲಿ, ಆದರೆ ಕಣ್ಣು ಹಾಳೆಯ ಮೇಲಿನ ನೀರಿನ ಮೇಲೇ ಇರಬೇಕು. ಇಲ್ಲಿ ಬಹುಪಾಲು ಕೆಲಸ ಕೆಡುವುದು ಹದ ತಪ್ಪಿದ್ದರಿಂದ. ಬಣ್ಣದ ಆಯ್ಕೆಯ ತಪ್ಪು ಅದರ ನಂತರದ್ದು.

ಹಾಳೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು, ಕೋಲ್ಡ್ ಪ್ರೆಸ್ಡ್ (ಸ್ವಲ್ಪ ಒರಟು ಮೈಯದು) ಆಗಿದ್ದರೆ ಸಾಕು. ಶಾಲೆಯ ಡ್ರಾಯಿಂಗ್ ಪುಸ್ತಕದ ತೆಳು ಹಾಳೆ ನೀರು ಬಿದ್ದೊಡನೆ ಉಬ್ಬಿ ತಗ್ಗುದಿಣ್ಣೆಯಾಗುತ್ತದೆ, ತಗ್ಗಿನಲ್ಲಿ ಬಣ್ಣ ಮಡುಗಟ್ಟುತ್ತದೆ, ಬ್ರಷ್ಷನ್ನು ಎರಡು ಸಲ ಓಡಿಸಿದರೆ ನಾರೆದ್ದು ಜುಂಗಾಗುತ್ತದೆ. ಮರದ ತಿರುಳಿನ ಹಾಳೆ ಮತ್ತು ನೂರಕ್ಕೆ ನೂರು ಹತ್ತಿಯ ಹಾಳೆ ಎರಡನ್ನೂ ನಾವು ಇಟ್ಟುಕೊಳ್ಳುತ್ತೇವೆ, ಏಕೆಂದರೆ ಎರಡರ ಸ್ವಭಾವ ಬೇರೆ. ಮರದ ತಿರುಳಿನದು ಬೇಗ ಒಣಗುತ್ತದೆ. ಬಣ್ಣ ಮೇಲ್ಮೈಯಲ್ಲೇ ಕೂರುವುದರಿಂದ ಒದ್ದೆ ಬ್ರಷ್ಷಿನಿಂದ ಒರೆಸಿ ಎತ್ತಲೂ ಬರುತ್ತದೆ. ಹತ್ತಿಯ ಹಾಳೆ ನೀರನ್ನು ಒಳಗೆಳೆದುಕೊಂಡು ನಿಧಾನವಾಗಿ ಬಿಡುತ್ತದೆ, ಒಂದು ಬಣ್ಣ ಇನ್ನೊಂದರೊಳಗೆ ಹರಿದು ಸೇರಲು ಹೆಚ್ಚು ಹೊತ್ತು ಸಿಗುತ್ತದೆ. ಉಪ್ಪು, ಹರಿವು, ತೇವದ ಮೇಲೆ ತೇವ ಇವಕ್ಕೆ ಹತ್ತಿ. ಪೆನ್ನಿನ ಡೂಡಲ್, ಮೇಣ, ಕಾಗದದ ಚೂರು ಅಂಟಿಸುವ ಕೊಲಾಜ್‌ಗೆ ಮರದ ತಿರುಳಿನದೇ ಸಾಕು, ದುಡ್ಡು ಉಳಿಯುತ್ತದೆ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ ಬೇಕು. ಹಾಳೆಗೆ ನೀರು ತಟ್ಟನೆ ಇಂಗದಿರಲಿ ಎಂದು ತಯಾರಿಸುವಾಗ ಅಂಟು ಸೇರಿಸಿರುತ್ತಾರೆ, ಇದಕ್ಕೆ ಸೈಜಿಂಗ್ ಅನ್ನುತ್ತಾರೆ. ಹಾಳೆ ತಿಂಗಳುಗಟ್ಟಲೆ ಶೀತದಲ್ಲಿದ್ದರೆ ಈ ಅಂಟು ಅಲ್ಲಲ್ಲಿ ಸಾಯುತ್ತದೆ. ಕಣ್ಣಿಗೆ ಏನೂ ಕಾಣದು, ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಲೇಪ, ಹಾಕಿದಾಗ ಮಾತ್ರ ಗಾಢ ಚುಕ್ಕೆಗಳು ಏಳುತ್ತವೆ, ಏನು ಮಾಡಿದರೂ ಹೋಗವು. ಪರೀಕ್ಷೆ ಸುಲಭ: ಮೂಲೆಯಲ್ಲಿ ಒಂದು ಹನಿ ನೀರಿಡಿ. ಹನಿ ಗುಂಡಗೆ ನಿಂತು ನಿಧಾನವಾಗಿ ಇಳಿದರೆ ಹಾಳೆ ಸರಿಯಿದೆ. ಬಿದ್ದೊಡನೆ ಇಂಗಿ ಕಲೆಯಾದರೆ ಆ ಹಾಳೆಯನ್ನು ಕೊಲಾಜ್‌ಗೆ ಇಡಿ. ಉಳಿದವನ್ನು ಪ್ಲಾಸ್ಟಿಕ್ ಕವರಿನಲ್ಲಿ, ಹೊಸ ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಟ್ಟಿಡಿ.

ಬಣ್ಣ ಕಡಿಮೆಯಿದ್ದಷ್ಟೂ ಆಟ ಚೆನ್ನ. ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ, ಲೆಮನ್ ಯೆಲ್ಲೊ, ಕ್ರಿಮ್ಸನ್ ಈ ನಾಲ್ಕೇ ಒಂದು ಬೆಳಿಗ್ಗೆಗೆ ಸಾಕು. ಮೊದಲೆರಡು ಸೇರಿದರೆ ಬರುವ ಬೂದು ಬಣ್ಣಕ್ಕೆ ಜೀವವಿರುತ್ತದೆ. ಅಲ್ಟ್ರಾಮರೀನಿನ ಕಣಗಳು ಹಾಳೆಯ ಕುಳಿಗಳಲ್ಲಿ ಕೂತು ಮರಳಿನ ಮೈ ಬರುತ್ತದೆ. 24 ಬಣ್ಣದ ಪೆಟ್ಟಿಗೆ ತೆರೆದವರ ಹಾಳೆ ಸಾಮಾನ್ಯವಾಗಿ ಕೆಸರಾಗುತ್ತದೆ. ಕಾರಣ, ಪ್ರತಿ ಬಣ್ಣ ಬೆಳಕಿನ ಒಂದು ಪಾಲನ್ನು ನುಂಗುತ್ತದೆ. ಮೂರು ನಾಲ್ಕು ಸೇರಿದಾಗ ಹಾಳೆಯಿಂದ ಹಿಂದಿರುಗಲು ಬೆಳಕೇ ಉಳಿದಿರುವುದಿಲ್ಲ. ಟ್ಯೂಬಿನಿಂದ ಕಡಲೆಕಾಳಿನಷ್ಟು ಹಿಂಡಿ, ಒಂದೆರಡು ಹನಿ ನೀರು ಚಿಮುಕಿಸಿ ಐದು ನಿಮಿಷ ಬಿಡಿ. ಆಮೇಲೆ ಪ್ಯಾಲೆಟ್‌ನಲ್ಲಿ ಮೂರು ಹದ ಮಾಡಿಟ್ಟುಕೊಳ್ಳಿ: ನೀರು ಮಜ್ಜಿಗೆ, ಹಾಲು, ಗಟ್ಟಿ ಮೊಸರು. ಮೊದಲ ವಾಶ್‌ಗೆ ಮಜ್ಜಿಗೆಯ ಹದ, ಒದ್ದೆಯ ಮೇಲೆ ಬಿಡುವ ಎರಡನೆಯ ಬಣ್ಣಕ್ಕೆ ಹಾಲಿನದು, ಕೊನೆಯ ಗಾಢ ಗೆರೆಗೆ ಮೊಸರಿನದು. ಒದ್ದೆ ಹಾಳೆಯ ಮೇಲೆ ಯಾವಾಗಲೂ ಅಲ್ಲಿರುವುದಕ್ಕಿಂತ ಗಟ್ಟಿಯಾದದ್ದನ್ನೇ ಬಿಡಬೇಕು. ತೆಳ್ಳಗಿನದು ಬಿದ್ದರೆ ಅದರ ನೀರು ಮೊದಲ ಬಣ್ಣವನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ, ಅಂಚಿನಲ್ಲಿ ಹೂಕೋಸಿನ ಆಕಾರದ ಗೆರೆ ಬಿಡುತ್ತದೆ. ಬೇಕೆಂದೇ ಮಾಡಿದರೆ ಅದೂ ಒಂದು ಚೆಂದ.

ನೀರಿಗೆ ಎರಡು ಡಬ್ಬಿ: ಒಂದು ಬ್ರಷ್ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಟಿಶ್ಯೂಗಿಂತ ಹಳೆಯ ಪಂಚೆಯ ತುಂಡು ವಾಸಿ. ನೀರು ಚೆನ್ನಾಗಿ ಹೀರುತ್ತದೆ, ನಾರು ಬಿಡುವುದಿಲ್ಲ.

ಈಗ ಹದದ ವಿಷಯ. ವಾಶ್ ಹಾಕಿದ ಹಾಳೆಯನ್ನು ನೇರವಾಗಿ ಮೇಲಿನಿಂದ ನೋಡಿದರೆ ಏನೂ ತಿಳಿಯದು. ಕಿಟಕಿಗೆ ಎದುರಾಗಿ ಕೂತು, ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ನೋಡಬೇಕು. ಮೊದಲು ನೀರು ದಪ್ಪಗೆ ನಿಂತಿರುತ್ತದೆ, ಹಾಳೆ ಬಾಗಿಸಿದರೆ ಹರಿಯುತ್ತದೆ. ಆಮೇಲೆ ಹರಿವು ನಿಂತು ಇಡೀ ಮೇಲ್ಮೈ ಒಂದೇ ಸಮ ಹೊಳೆಯುತ್ತದೆ. ಬಣ್ಣಕ್ಕೆ ಬಣ್ಣ ಸೇರಿಸಲು ಇದೇ ಹೊತ್ತು. ನಂತರ ಹೊಳಪು ಮಾಸತೊಡಗುತ್ತದೆ, ಹಾಳೆಯ ಒರಟು ಮೈ ಚುಕ್ಕೆ ಚುಕ್ಕೆಯಾಗಿ ಕಾಣಿಸುತ್ತದೆ. ಈ ಘಟ್ಟ ಬಹಳ ಚಿಕ್ಕದು. ಬಿಸಿಲಿರುವ ಮಾರ್ಚ್‌ನಲ್ಲಿ ಅರ್ಧ ನಿಮಿಷವೂ ಇರದು, ಜುಲೈಯಲ್ಲಿ ಕರಾವಳಿಯ ಕಡೆ ಐದು ನಿಮಿಷ ಎಳೆಯಬಹುದು. ಅದರ ಮುಂದಿನದು ಮೋಸದ ಘಟ್ಟ: ಹೊಳಪಿಲ್ಲ, ಒಣಗಿದಂತೆಯೇ ಕಾಣುತ್ತದೆ, ಆದರೆ ಬೆರಳಿನ ಹಿಂಬದಿ ತಾಗಿಸಿದರೆ ತಣ್ಣಗಿರುತ್ತದೆ. ಈಗ ಬ್ರಷ್ ಮುಟ್ಟಿಸಿದರೆ ಹೂಕೋಸು ಖಂಡಿತ, ಪೆನ್ನು ಇಟ್ಟರೆ ಶಾಯಿ ಹಬ್ಬುತ್ತದೆ. ಹಾಳೆ ಕೋಣೆಯಷ್ಟೇ ಬೆಚ್ಚಗಾದ ಮೇಲೆಯೇ ಒಣಗಿದೆ ಎಂದು ಲೆಕ್ಕ.

ಉಪ್ಪು ಬೀಳಬೇಕಾದದ್ದು ಹೊಳಪು ಮಾಸುವ ಆ ಚಿಕ್ಕ ಘಟ್ಟದಲ್ಲಿ. ಹರಳು ತನ್ನ ಸುತ್ತಲಿನ ನೀರನ್ನು ಎಳೆದುಕೊಂಡು ಬಣ್ಣವನ್ನು ಸರಿಸುತ್ತದೆ, ನಡುವೆ ಬಿಳುಪು ನಕ್ಷತ್ರ ಮೂಡುತ್ತದೆ. ನೀರು ನಿಂತಿರುವಾಗಲೇ ಹಾಕಿದರೆ ಉಪ್ಪು ಕರಗಿ ಮಸುಕು ಕಲೆ ಮಾತ್ರ ಉಳಿಯುತ್ತದೆ. ಒಣಗುತ್ತ ಬಂದಾಗ ಹಾಕಿದರೆ ಹರಳು ಮೇಲೆ ಅಂಟಿ ಕೂರುತ್ತದೆ, ಏನೂ ಆಗದು. ಪುಡಿ ಉಪ್ಪು ಸಣ್ಣ ಚುಕ್ಕಿಗಳ ಹಿಮ ಕೊಟ್ಟರೆ ಕಲ್ಲುಪ್ಪು ಬೆರಳ ತುದಿಯಷ್ಟು ದೊಡ್ಡ, ಅಂಚು ಕದಡಿದ ಹೂ ಕೊಡುತ್ತದೆ. ಎರಡನ್ನೂ ಬೆರೆಸಿದರೆ ಇನ್ನೂ ಚೆನ್ನ. ಒಂದು ತುಂಡಿಗೆ ಎರಡು ಬೆರಳಲ್ಲಿ ಬರುವ ಚಿಟಿಕೆ ಸಾಕು, ಒಂದಡಿ ಎತ್ತರದಿಂದ ಉದುರಿಸಿ. ಹೆಚ್ಚಾದರೆ ನಕ್ಷತ್ರಗಳು ಒಂದರ ಮೇಲೊಂದು ಬಿದ್ದು ಬರೀ ಹಳಸಿದ ಬೂದು ಬಣ್ಣ ಉಳಿಯುತ್ತದೆ. ಲೆಮನ್ ಯೆಲ್ಲೊದ ತೆಳು ವಾಶ್ ಮೇಲೆ ಉಪ್ಪು ವ್ಯರ್ಥ, ಬಿಳಿಗೂ ಅದಕ್ಕೂ ವ್ಯತ್ಯಾಸವೇ ಕಾಣದು; ಗಾಢ ನೀಲಿ, ಗಾಢ ಕ್ರಿಮ್ಸನ್ ಬೇಕು. ಹಾಕಿದ ಮೇಲೆ ಹಾಳೆಯನ್ನು ಅಲುಗಾಡಿಸಬೇಡಿ, ಹೇರ್ ಡ್ರೈಯರ್ ಹತ್ತಿರ ತರಬೇಡಿ. ಬಿಸಿಗಾಳಿ ಹರಳನ್ನು ಹಾರಿಸುತ್ತದೆ, ನೀರನ್ನು ಉಪ್ಪು ಎಳೆಯುವ ಮೊದಲೇ ಆರಿಸಿಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ಉದುರಿಸಿ. ಇಲ್ಲಿ ಸೋಮಾರಿತನ ಬೇಡ, ಹಾಳೆಯಲ್ಲಿ ಉಳಿದ ಉಪ್ಪು ಪ್ರತಿ ಮಳೆಗಾಲದಲ್ಲೂ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ.

ಇದೇ ಹೊಳಪಿನ ಹೊತ್ತಿಗೆ ಸರ್ಜಿಕಲ್ ಸ್ಪಿರಿಟ್‌ನ ಒಂದು ಹನಿ ಬಿಟ್ಟರೆ ಬಣ್ಣ ದೂರ ಓಡಿ ದುಂಡನೆಯ ಬಳೆ ಮೂಡುತ್ತದೆ, ನಡುವೆ ಕಣ್ಣಿನ ಪಾಪೆಯಂತೆ ಚುಕ್ಕೆ. ಇಯರ್ ಬಡ್‌ನ ತುದಿಯಿಂದ ಬಿಟ್ಟರೆ ಗಾತ್ರ ಹಿಡಿತದಲ್ಲಿರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಮೇಣದಬತ್ತಿ ಉರಿಯುತ್ತಿರಬಾರದು. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಕೂಡ ಒಳ್ಳೆಯ ಸಾಮಾನು. ಹಾಲಿನ ಹದದ ಬಣ್ಣ ಇನ್ನೂ ಒದ್ದೆಯಾಗಿರುವಾಗ ಹೊದಿಸಿ, ಬೆರಳಿನಿಂದ ಒಂದೇ ದಿಕ್ಕಿಗೆ ನೆರಿಗೆ ಎಳೆದು ರಾತ್ರಿಯಿಡೀ ಬಿಟ್ಟರೆ ಬಂಡೆ, ಹರಳು, ಎಲೆನರದ ಆಕೃತಿಗಳು ಸಿಗುತ್ತವೆ. ಅರ್ಧ ಒಣಗಿದಾಗ ಕಿತ್ತರೆ ಗೆರೆಗಳೆಲ್ಲ ಮತ್ತೆ ಹರಿದು ಒಂದಾಗುತ್ತವೆ. ಮನೆಗೆ ಒಯ್ದು ಮರುದಿನ ತೆಗೆಯುವಂತೆ ಹೇಳುವುದೇ ಉಪಾಯ.

ಡೂಡಲ್ ಬೆಳೆಯುವುದು ಮಚ್ಚೆಗಳಿಂದ. 8ನೇ ನಂಬರಿನ ರೌಂಡ್ ಬ್ರಷ್ಷಿನಲ್ಲಿ ಹಾಲಿನ ಹದದ ಬಣ್ಣ ತುಂಬಿಕೊಂಡು, ಏನನ್ನೂ ಚಿತ್ರಿಸದೆ, ಆರೇಳು ಮಚ್ಚೆ ಹಾಕಿ. ಮಚ್ಚೆಗಳ ನಡುವೆ ಅಕ್ಕಿಕಾಳಿನಷ್ಟು ಬಿಳಿ ಬಿಡಿ, ಒಂದೆರಡನ್ನು ಬೇಕೆಂದೇ ತಾಗಿಸಿ. ತಾಗಿದಲ್ಲಿ ಬಣ್ಣ ಒಂದರೊಳಗೊಂದು ಹರಿಯುತ್ತದೆ. ಒಣಗಿದ ಮೇಲೆ ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಹಕ್ಕಿ, ಕೊಡೆ, ಕೂತ ಅಜ್ಜಿ ಯಾವುದೋ ಒಂದು ಕಾಣಿಸಿಕೊಳ್ಳುತ್ತದೆ. ಆಗ 0.3ರ ಪೆನ್ನಿನಿಂದ ಕಣ್ಣು, ಕಾಲು, ಹಿಡಿಕೆ ಸೇರಿಸಿ. ಗೆರೆಯು ಮಚ್ಚೆಯ ಅಂಚನ್ನೇ ಹಿಡಿದು ಸಾಗಬಾರದು. ಅಂಚಿನಿಂದ ಎರಡು ಮಿಲಿಮೀಟರ್ ಒಳಗೋ ಹೊರಗೋ ಸರಿದು ಹೋದರೆ ಚಿತ್ರ ಉಸಿರಾಡುತ್ತದೆ. ಅಂಚಿಗೇ ಅಂಟಿದರೆ ಬಣ್ಣ ತುಂಬುವ ಮಕ್ಕಳ ಪುಸ್ತಕವಾಗುತ್ತದೆ. ಇದು ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಸಲ ಹೇಳಬೇಕಾಗಿ ಬರುವ ಮಾತು.

ಮೊದಲು ಗೆರೆ, ಆಮೇಲೆ ಬಣ್ಣ ಎನ್ನುವವರು ವಾಟರ್‌ಪ್ರೂಫ್ ಪಿಗ್ಮೆಂಟ್ ಶಾಯಿಯ ಪೆನ್ನನ್ನೇ ಬಳಸಬೇಕು. ಮಾಮೂಲಿ ಜೆಲ್ ಪೆನ್ನು, ಫೌಂಟನ್ ಪೆನ್ನಿನ ಶಾಯಿ ನೀರು ಕಂಡರೆ ಹರಿಯುತ್ತವೆ. ಇದನ್ನೂ ಆಟಕ್ಕೆ ಬಳಸಬಹುದು: ಫೌಂಟನ್ ಪೆನ್ನಿನಲ್ಲಿ ಒಂದು ಮರ ಗೀಚಿ, ಒಂದು ಬದಿಗೆ ಮಾತ್ರ ಒದ್ದೆ ಬ್ರಷ್ ಎಳೆದರೆ ನೆರಳು ತಾನಾಗಿ ಬರುತ್ತದೆ.

ಮೇಣದ್ದು ಬೇರೆಯೇ ಸೊಗಸು. ಚುಕ್ಕಿ ರಂಗೋಲಿ ಬಲ್ಲವರು ನಮ್ಮ ಗುಂಪಿನಲ್ಲಿ ಹಲವರಿದ್ದಾರೆ, ಅವರ ಕೈಗೆ ಬಿಳಿ ಮೇಣದಬತ್ತಿ ಕೊಟ್ಟರೆ ಸಾಕು. ಏಳು ಚುಕ್ಕಿ, ಏಳು ಸಾಲು ಇಟ್ಟು ಎಳೆ ಸುತ್ತಿ, ಮೇಲೆ ಗಾಢ ವಾಶ್ ಓಡಿಸಿದಾಗ ಕಾಣದಿದ್ದ ರಂಗೋಲಿ ಬಿಳಿಯಾಗಿ ಎದ್ದು ಬರುತ್ತದೆ. ಬತ್ತಿಯನ್ನು ಬ್ಲೇಡಿನಿಂದ ಉಳಿಯಂತೆ ಚೂಪು ಮಾಡಿ, ಗಟ್ಟಿಯಾಗಿ ಒತ್ತಿ ಎಳೆಯಬೇಕು. ಮೃದುವಾಗಿ ಎಳೆದರೆ ಮೇಣ ಒರಟು ಹಾಳೆಯ ದಿಣ್ಣೆಗಳಿಗೆ ಮಾತ್ರ ತಾಗಿ ಗೆರೆ ತುಂಡು ತುಂಡಾಗುತ್ತದೆ. ಎಳೆ ಎಲ್ಲಿದೆ ಎಂದು ತಿಳಿಯಲು ಮತ್ತೆ ಅದೇ ಕಿಟಕಿ, ಅದೇ ಓರೆ ನೋಟ. ಮೊದಲು ಹಳದಿ ವಾಶ್ ಹಾಕಿ ಒಣಗಿಸಿ, ಆಮೇಲೆ ಮೇಣ, ಆಮೇಲೆ ನೀಲಿ ಓಡಿಸಿದರೆ ಎಳೆ ಹಳದಿಯಾಗಿ, ನೆಲ ಹಸಿರಾಗಿ ಸಿಗುತ್ತದೆ. ಮೇಣ ಹಾಕಿದ ಜಾಗದಲ್ಲಿ ಮುಂದೆ ಪೆನ್ನು ಓಡದು; ನಿಬ್ಬಿಗೆ ಮೇಣ ಹತ್ತಿ ಪೆನ್ನೂ ಹಾಳಾಗುತ್ತದೆ. ಆದ್ದರಿಂದ ಪೆನ್ನಿನ ಕೆಲಸವನ್ನು ಎಲ್ಲಿ ಮಾಡುತ್ತೀರಿ ಎಂದು ಮೊದಲೇ ಯೋಚಿಸಿಡಿ. ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಫ್ಲೂಯಿಡ್ ಇನ್ನೂ ಸೂಕ್ಷ್ಮ ಗೆರೆ ಕೊಡುತ್ತದೆ, ಆದರೆ ಅದು ರಬ್ಬರಿನ ಹಾಲು. ಬ್ರಷ್ಷನ್ನು ಮೊದಲು ಸೋಪಿನಲ್ಲಿ ಅದ್ದದಿದ್ದರೆ ಕೂದಲು ಗಂಟಾಗಿ ಬ್ರಷ್ ಎಸೆಯಬೇಕಾಗುತ್ತದೆ, ಡ್ರೈಯರ್ ಹಿಡಿದರೆ ಹಾಳೆಗೇ ಬೆಸೆದುಕೊಳ್ಳುತ್ತದೆ. ಮೆತ್ತನೆಯ ಕೈಕಾಗದದ ಮೇಲೆ ಅದನ್ನು ಹಾಕಲೇಬಾರದು, ಕೀಳುವಾಗ ಹಾಳೆಯ ಚರ್ಮವೇ ಬರುತ್ತದೆ.

ಮಿಶ್ರ ಮಾಧ್ಯಮದಲ್ಲಿ ಸಾಮಾನುಗಳನ್ನು ಬೆರೆಸುವುದು ಕಷ್ಟವಲ್ಲ, ಯಾವುದರ ಮೇಲೆ ಯಾವುದು ಎಂಬ ಕ್ರಮ ಕಷ್ಟ. ನೀರು ಕುಡಿಯುವ ಮೇಲ್ಮೈ ಮೇಲೆ ಮಾತ್ರ ಜಲವರ್ಣ ನಿಲ್ಲುತ್ತದೆ. ಅಕ್ರಿಲಿಕ್, ಒಣಗಿದ ಫೆವಿಕಾಲ್, ಆಯಿಲ್ ಪೇಸ್ಟಲ್ ಇವುಗಳ ಮೇಲೆ ಅದು ಹನಿಹನಿಯಾಗಿ ಜಾರುತ್ತದೆ. ಹಾಗಾಗಿ ಜಲವರ್ಣ ಮೊದಲು, ನಂತರ ಪೆನ್ನು, ಕಲರ್ ಪೆನ್ಸಿಲ್, ಆಮೇಲೆ ಅಂಟಿಸುವುದು, ಕಟ್ಟಕಡೆಗೆ ಆಯಿಲ್ ಪೇಸ್ಟಲ್ ಮತ್ತು ಬಿಳಿ ಪೋಸ್ಟರ್ ಕಲರಿನ ಚುಕ್ಕಿ. ಕೊಲಾಜ್ ಚೂರುಗಳಿಗೆ ಬಣ್ಣ ಹಚ್ಚುವುದಿದ್ದರೆ ಅಂಟಿಸುವ ಮೊದಲೇ ಹಚ್ಚಿ. ತೆಳು ಕಾಗದಕ್ಕೆ ಒಂದು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ಕೆಳಗೊಮ್ಮೆ ಬಳಿದು, ಕಾಗದವನ್ನು ನಡುವಿನಿಂದ ಅಂಚಿಗೆ ಸವರುತ್ತ ಕೂರಿಸಿ. ದಪ್ಪ ಕಾಗದಕ್ಕೆ ನೀರು ಬೆರೆಸಬೇಡಿ, ಒಣಗುವಾಗ ಸುರುಳಿ ಏಳುತ್ತದೆ.

ಅಂಟಿಸಲು ಜನ ತರುವ ಕಾಗದಗಳಲ್ಲಿ ಕೆಲವು ಮೋಸ ಮಾಡುತ್ತವೆ. ಇಂಕ್‌ಜೆಟ್ ಪ್ರಿಂಟಿನ ಅಕ್ಷರ ಒದ್ದೆಯಾದರೆ ಹರಿಯುತ್ತದೆ, ಜೆರಾಕ್ಸ್‌ನದು ಹರಿಯದು. ಹಳೆಯ ಪಂಚಾಂಗದ ಪುಟ, ಅಜ್ಜನ ಪತ್ರ ಬಳಸಬೇಕೆಂದರೆ ಜೆರಾಕ್ಸ್ ಮಾಡಿಸಿ ಅದನ್ನೇ ಹರಿಯಿರಿ, ಮೂಲವೂ ಉಳಿಯುತ್ತದೆ. ನ್ಯೂಸ್‌ಪ್ರಿಂಟ್ ಬೇಗ ಹಳದಿಯಾಗುತ್ತದೆ, ಮರದ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುತ್ತದೆ. ಹೊಳಪಿನ ಲಗ್ನಪತ್ರಿಕೆ ನೀರನ್ನೂ ಅಂಟನ್ನೂ ಒಲ್ಲೆ ಅನ್ನುತ್ತದೆ. ಅದರ ಮೇಲೆ ಸಣ್ಣ ಸ್ಯಾಂಡ್‌ಪೇಪರ್ ಆಡಿಸಿದರೆ ಸ್ವಲ್ಪ ಹಿಡಿಯುತ್ತದೆ. ಬಸ್ಸಿನ ಮೆಷಿನ್ ಟಿಕೆಟ್, ಅಂಗಡಿಯ ಬಿಲ್ ಥರ್ಮಲ್ ಕಾಗದ. ಡ್ರೈಯರ್‌ನ ಬಿಸಿ ತಾಗಿದರೂ ಸ್ಪಿರಿಟ್ ಬಿದ್ದರೂ ಕಪ್ಪಾಗುತ್ತದೆ, ಹಾಗೇ ಬಿಟ್ಟರೆ ಅಕ್ಷರ ಮಾಸಿ ಹೋಗುತ್ತದೆ. ಸ್ಪಿರಿಟ್ ಅದ್ದಿದ ಇಯರ್ ಬಡ್‌ನಿಂದ ಟಿಕೆಟ್ ಮೇಲೆಯೇ ಗೀಚಿದರೆ ಕಪ್ಪು ಗೆರೆಯ ಒಳ್ಳೆಯ ಡೂಡಲ್ ಆಗುತ್ತದೆ.

ಅಡುಗೆಮನೆಯ ಬಣ್ಣಗಳಲ್ಲಿ ಅರಿಶಿನವೇ ಮುಂದು. ನೀರಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ಹಾಳೆಯ ಮೇಲೆ ತರಿ ನಿಲ್ಲುತ್ತದೆ. ಅರ್ಧ ಚಮಚ ಅರಿಶಿನವನ್ನು ಎರಡು ಚಮಚ ಸ್ಪಿರಿಟ್‌ನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿದರೆ ತಿಳಿ ಹಳದಿ ಸಿಗುತ್ತದೆ. ಹಚ್ಚಿ ಒಣಗಿಸಿ, ಅದರ ಮೇಲೆ ಸುಣ್ಣದ ತಿಳಿನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಬರೆಯಿರಿ: ಓಕುಳಿಯ ಕೆಂಪು ಹಾಳೆಯ ಮೇಲೇ ಹುಟ್ಟುತ್ತದೆ. ಒಣಗುತ್ತ ಕಂದಿಗೆ ತಿರುಗುತ್ತದೆ. ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಶಂಖಪುಷ್ಪದ ಹತ್ತು ಹೂವನ್ನು ಕಾಲು ಲೋಟ ಬಿಸಿನೀರಿನಲ್ಲಿ ನೆನೆಸಿದ ನೀಲಿಯೂ ಹೀಗೆಯೇ ಆಡುತ್ತದೆ: ನಿಂಬೆಗೆ ನೇರಳೆ-ಗುಲಾಬಿ, ಅಡುಗೆ ಸೋಡಾಕ್ಕೆ ಹಸಿರು ಛಾಯೆ. ದಾಸವಾಳದ ಕೆಂಪು ರಸ ಹಾಳೆಗೆ ಬಿದ್ದೊಡನೆ ನೀಲಿಯೋ ಹಸಿರೋ ಆಗಿ ಕೆಲವರನ್ನು ಗಾಬರಿಪಡಿಸುತ್ತದೆ. ಎಷ್ಟೋ ಜಲವರ್ಣ ಹಾಳೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ, ಅದರ ಕ್ಷಾರ ಈ ಕೆಲಸ ಮಾಡುತ್ತದೆ. ಇವೆಲ್ಲ ಬೆಳಕಿಗೆ ನಿಲ್ಲದ ಬಣ್ಣಗಳು. ಗೋಡೆಗೆ ಹಾಕುವ ಆಸೆ ಬಿಟ್ಟು ಫೋಟೊ ತೆಗೆದುಕೊಳ್ಳಿ.

ಬೆಳಕಿಗೆ ಜಗ್ಗದ್ದು ಬೇಕೆಂದರೆ ಕೆಮ್ಮಣ್ಣು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಮಾಸದು. ಮಲೆನಾಡಿನ ದೀವರ ಸಮುದಾಯದವರು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೆ ನೆಲವಾಗುವುದೂ ಈ ಮಣ್ಣೇ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯನ್ನು ನಾರಿನ ಕುಂಚದಲ್ಲಿ ಎಳೆಯುತ್ತಾರೆ. ಹಾಳೆಗೆ ಬೇಕಾದ ನುಣುಪು ಬರಲು ಮಣ್ಣನ್ನು ತೊಳೆಯಬೇಕು. ಒಂದು ಹಿಡಿ ಮಣ್ಣನ್ನು ಒಂದು ಲೀಟರ್ ನೀರಿನಲ್ಲಿ ಕದಡಿ, ಅರ್ಧ ನಿಮಿಷ ನಿಲ್ಲಿಸಿ. ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಇದನ್ನೇ ಎರಡು ಮೂರು ಸಲ ಮಾಡಿ, ರಾತ್ರಿ ಬಿಟ್ಟು ತಿಳಿ ಚೆಲ್ಲಿ, ಕೆಸರನ್ನು ಒಣಗಿಸಿ. ಇನ್ನೊಂದೆಡೆ 10 ಗ್ರಾಂ ಗಮ್ ಅರೇಬಿಕ್ ಪುಡಿಯನ್ನು 20 ಮಿಲಿ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಸೋಸಿ, ಕಾಲು ಚಮಚ ಜೇನುತುಪ್ಪ, ಬೂಸ್ಟು ಹಿಡಿಯದಿರಲು ಒಂದು ಹನಿ ಲವಂಗದ ಎಣ್ಣೆ ಸೇರಿಸಿ. ಮಣ್ಣಿನ ಪುಡಿಗೆ ಸಮ ಅಳತೆಯ ಈ ಗೋಂದು ಹಾಕಿ, ಗಾಜಿನ ಹಲಗೆಯ ಮೇಲೆ ತಳ ಚಪ್ಪಟೆಯಾದ ಲೋಟದಿಂದ ಕಾಲು ಗಂಟೆ ಅರೆಯಿರಿ. ಗಾಜಿನ ಮೇಲೆ ಕರಕರ ಸದ್ದು ನಿಂತಾಗ ಅರೆದದ್ದು ಸಾಕು. ಹಾಳೆಯ ಮೇಲೆ ಒಣಗಿದ ಬಣ್ಣ ಬೆರಳಿಗೆ ಪುಡಿಯಾಗಿ ಹತ್ತಿದರೆ ಗೋಂದು ಕಡಿಮೆ, ಹೊಳೆದು ಬಿರಿದರೆ ಹೆಚ್ಚು. ಕರಾವಳಿಯ ಮಳೆಗಾಲದಲ್ಲಿ ಜೇನುತುಪ್ಪವನ್ನು ಅರ್ಧಕ್ಕಿಳಿಸಿ, ಇಲ್ಲದಿದ್ದರೆ ಬಣ್ಣ ಡಬ್ಬಿಯಲ್ಲಿ ಅಂಟಂಟಾಗಿಯೇ ಉಳಿಯುತ್ತದೆ.

ಗುಂಪಿನ ಆಟವೆಂದರೆ ಹಾಳೆ ದಾಟಿಸುವುದು. ಒಬ್ಬರು ವಾಶ್ ಹಾಕುತ್ತಾರೆ, ಪಕ್ಕದವರು ಮಚ್ಚೆ ಅಥವಾ ಉಪ್ಪು, ಮೂರನೆಯವರು ಗೆರೆ, ನಾಲ್ಕನೆಯವರು ಕೊಲಾಜ್. ಗಡಿಯಾರ ನೋಡಿ ಹತ್ತು ನಿಮಿಷಕ್ಕೊಮ್ಮೆ ದಾಟಿಸುವ ಪದ್ಧತಿ ನಮಗೆ ಒಗ್ಗಲಿಲ್ಲ. ಮೋಸದ ಘಟ್ಟದಲ್ಲಿರುವ ಹಾಳೆ ಹೊಸ ಕೈಗೆ ಸಿಕ್ಕರೆ ಮೊದಲಿನವರ ವಾಶ್ ಹಾಳು. ಹೊಳಪಿರುವಾಗ ಕೊಡಿ, ಅಥವಾ ಪೂರ್ತಿ ಒಣಗಿದ ಮೇಲೆ ಕೊಡಿ; ನಡುವೆ ಯಾರೂ ಮುಟ್ಟಬಾರದು. ಪ್ರತಿ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಹಾಳೆಯ ಜಾತಿ, ಬಣ್ಣ, ಉಪ್ಪು ಬಿದ್ದ ಘಟ್ಟ, ಅಂದಿನ ಹವೆ ಬರೆದಿಡುತ್ತೇವೆ. ಮಳೆ ಬಂದ ಬೆಳಿಗ್ಗೆ ಸೊಗಸಾಗಿ ಅರಳಿದ ಉಪ್ಪು ಬೇಸಿಗೆಯಲ್ಲಿ ಏಕೆ ಮುನಿಯಿತು ಎಂಬುದಕ್ಕೆ ಉತ್ತರ ಈ ಟಿಪ್ಪಣಿಯಲ್ಲೇ ಸಿಗುತ್ತದೆ.

ಹಾಳೆಯ ಅಂಚನ್ನು ಹಲಗೆಗೆ ಹಿಡಿದಿಡಲು ಮಾಸ್ಕಿಂಗ್ ಟೇಪ್ ಅಂಟಿಸಿದ್ದರೆ ಅದನ್ನು ತೆಗೆಯುವಾಗ ಅವಸರ ಬೇಡ. ಹಾಳೆ ಪೂರ್ತಿ ಒಣಗಿರಲಿ, ಟೇಪನ್ನು ಚಿತ್ರದಿಂದ ಹೊರಮುಖವಾಗಿ, ಮಲಗಿಸಿದ ಕೋನದಲ್ಲಿ ನಿಧಾನವಾಗಿ ಎಳೆಯಿರಿ. ಗಟ್ಟಿಯಾಗಿ ಹಿಡಿದಿದ್ದರೆ ಡ್ರೈಯರ್‌ನಿಂದ ಬೆಚ್ಚಗೆ ಮಾಡಿದಾಗ ಅಂಟು ಸಡಿಲವಾಗುತ್ತದೆ, ಅಲ್ಲಿ ಮೇಣ ಅಥವಾ ಥರ್ಮಲ್ ಟಿಕೆಟ್ ಇಲ್ಲದಿದ್ದರೆ ಮಾತ್ರ. ಬಾಗಿದ ಹಾಳೆಯ ಹಿಂಬದಿಗೆ ನೀರನ್ನು ಮಂಜಿನಷ್ಟು ಸ್ಪ್ರೇ ಮಾಡಿ, ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ನಿಘಂಟಿನಂಥ ಭಾರ ಹೇರಿ ರಾತ್ರಿಯಿಡೀ ಬಿಟ್ಟರೆ ಸಮವಾಗುತ್ತದೆ. ಉಪ್ಪಿನ ಹಾಳೆಗಳನ್ನು ಒತ್ತುವ ಮೊದಲು ಕೈಯಾಡಿಸಿ ನೋಡಿ. ಒಂದು ಹರಳು ಉಳಿದಿದ್ದರೂ ಭಾರಕ್ಕೆ ಅದು ಹಾಳೆಯಲ್ಲಿ ಕುಳಿ ಬೀಳಿಸುತ್ತದೆ.